ಡಿಸೆಂಬರಿನಲ್ಲಿ ನೋಡಿದ ಜಾಗ

ಎಲ್ಲರಿಗೂ ನಮಸ್ಕಾರ.

ನಿಮ್ಮ ಬಡಾವಣೆಯ ಸಂಘದವರು ಫೋನ್ ಮಾಡಿ, "ಸರ್, ನಮ್ಮಲ್ಲಿ ನಾಲ್ಕೈದು ಜನ ಕರಾವಳಿಯಲ್ಲಿ ಜಾಗ ನೋಡ್ತಾ ಇದ್ದಾರೆ, ಬೀಚಿಗೆ ತಾಗಿಕೊಂಡೇ ಬೇಕಂತೆ, ಒಂದು ಸಲ ಬಂದು ಮಾತಾಡಿ" ಅಂದರು. ಹುರಿದುಂಬಿಸಬೇಕೋ, ಹೆದರಿಸಬೇಕೋ ಅಂತ ನಾನು ಕೇಳಲಿಲ್ಲ. ಬಂದಿದ್ದೇನೆ. ಎರಡೂ ಸ್ವಲ್ಪ ಸ್ವಲ್ಪ ಆಗಬಹುದು.

ನಾನು ಕುಂದಾಪುರದ ಕಡೆಯವನು. ಸಿವಿಲ್ ಇಂಜಿನಿಯರ್. 27 ವರ್ಷದಿಂದ ಕಡಲ ಬದಿಯಲ್ಲಿ ಮನೆ ಕಟ್ಟಿಸುತ್ತಾ ಇದ್ದೇನೆ. ಈಗೀಗ ಕಟ್ಟಿಸುವುದಕ್ಕಿಂತ ರಿಪೇರಿ ಮಾಡಿಸುವುದೇ ಜಾಸ್ತಿ.

ಬೆಂಗಳೂರಿನಿಂದ ಜಾಗ ನೋಡಲು ಬರುವವರು ಯಾವಾಗ ಬರುತ್ತಾರೆ ಗೊತ್ತಾ? ಡಿಸೆಂಬರಿನಲ್ಲಿ. ಮಕ್ಕಳಿಗೆ ಕ್ರಿಸ್ಮಸ್ ರಜೆ. ಸಂಜೆ ಐದೂವರೆಗೆ ಬ್ರೋಕರ್ ಕರೆದುಕೊಂಡು ಹೋಗುತ್ತಾನೆ. ಬೆಳಿಗ್ಗೆ ಹನ್ನೊಂದಕ್ಕೆ ಕರೆದುಕೊಂಡು ಹೋಗುವ ಬ್ರೋಕರನ್ನು ನಾನಿನ್ನೂ ನೋಡಿಲ್ಲ. ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗೆ ಇರುತ್ತದೆ. ಮರಳು ಅಗಲವಾಗಿ ಹರಡಿರುತ್ತದೆ. ಸೂರ್ಯ ಮುಳುಗುತ್ತಾನೆ, ದೂರದಲ್ಲಿ ಎರಡು ದೋಣಿ. ಹೆಂಡತಿ ಚಪ್ಪಲಿ ಬಿಚ್ಚಿ ನೀರಿಗೆ ಇಳಿದಾಗಲೇ ಅರ್ಧ ವ್ಯಾಪಾರ ಮುಗಿದಿರುತ್ತದೆ. "ಇಲ್ಲಿ ಪೂರ್ತಿ ಗಾಜಿನ ಗೋಡೆ, ಅಲ್ಲಿ ಉಯ್ಯಾಲೆ, ಮೇಲೆ ಟೆರೇಸಿನಲ್ಲಿ ಈಜುಕೊಳ" ಅಂತ ನಿಂತಲ್ಲೇ ಪ್ಲಾನ್ ತಯಾರು.

ನಗಬೇಡಿ, ನನಗೂ ಅದೇ ಆಸೆ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಆ ಜಾಗಕ್ಕೆ ಜುಲೈನಲ್ಲಿ ಒಮ್ಮೆ ಹೋಗಿ. ನಿಮ್ಮ ಬೆಂಗಳೂರಿಗೆ ಇಡೀ ವರ್ಷ ಬೀಳುವಷ್ಟು ಮಳೆ ನಮ್ಮಲ್ಲಿ ಆ ಒಂದೇ ತಿಂಗಳಲ್ಲಿ ಬೀಳುತ್ತದೆ. ಅದೂ ನೇರವಾಗಿ ಬೀಳುವುದಿಲ್ಲ, ಕಡಲಿನ ಕಡೆಯಿಂದ ಅಡ್ಡಡ್ಡ ಬರುತ್ತದೆ. ನೀವು ಡಿಸೆಂಬರಿನಲ್ಲಿ ಓಡಾಡಿದ ಅಗಲದ ಮರಳು ಅಲ್ಲಿರುವುದಿಲ್ಲ. ಮಳೆಗಾಲದ ಅಲೆ ಅದನ್ನು ಒಳಗೆ ಎಳೆದುಕೊಂಡಿರುತ್ತದೆ, ಮಳೆ ನಿಂತ ಮೇಲೆ ನಿಧಾನಕ್ಕೆ ವಾಪಸ್ ಕೊಡುತ್ತದೆ. ಎಲ್ಲವನ್ನೂ ಕೊಡುತ್ತದೆ ಅಂತಲ್ಲ. ಮೊರೆತ ಹೇಗಿರುತ್ತದೆ ಅಂದರೆ ಊಟದ ಮೇಜಿನ ಎದುರಿಗೆ ಕೂತವರಿಗೆ "ಉಪ್ಪಿನಕಾಯಿ ಕೊಡಿ" ಅನ್ನಲೂ ಕೂಗಬೇಕು. ಒಂದು ರಾತ್ರಿ ಚೆನ್ನಾಗಿರುತ್ತದೆ. ಅರವತ್ತು ರಾತ್ರಿ?

ಒಂದು ಮನೆಯ ಕತೆ ಹೇಳುತ್ತೇನೆ. ಹೆಸರು, ಊರು ಬೇಡ. ವಿದೇಶದಲ್ಲಿ ದುಡಿದು ಬಂದವರು, ಒಳ್ಳೆಯ ಜನ. ಪಡುವಣಕ್ಕೆ ಇಪ್ಪತ್ತಾರು ಅಡಿ ಉದ್ದದ ಗಾಜಿನ ಗೋಡೆ ಹಾಕಿಸಿದರು. ಸೂರ್ಯಾಸ್ತ ಸೋಫಾದಿಂದಲೇ ಕಾಣಬೇಕು ಅಂತ. ನಮ್ಮ ಕರಾವಳಿಯಲ್ಲಿ ಕಡಲು ಇರುವುದೇ ಪಡುವಣಕ್ಕೆ. ಅಂದಮೇಲೆ ಕಡಲು ಕಾಣುವ ಗಾಜು ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಬಿಸಿಲನ್ನೂ ಒಳಗೆ ಬಿಡುತ್ತದೆ. ಮಾರ್ಚ್ ಬಂದ ಕೂಡಲೇ ದಪ್ಪ ಪರದೆ ಹಾಕಿದರು. ಲಕ್ಷಗಟ್ಟಲೆ ಕೊಟ್ಟು ಗಾಜು ಹಾಕಿಸಿ, ಅದನ್ನು ಬಟ್ಟೆಯಿಂದ ಮುಚ್ಚಿ, ಒಳಗೆ ಎಸಿ ಹಾಕಿಕೊಂಡು ಕೂತರು. ಆ ಎಸಿಯ ಹೊರಗಿನ ಡಬ್ಬ ನಾಲ್ಕು ಮಳೆಗಾಲ ಕಂಡಿತು. ಐದನೆಯ ವರ್ಷ ಅದರ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ಬೆರಳಿನಿಂದ ಮುಟ್ಟಿದೆ. ಹಪ್ಪಳದ ಹಾಗೆ ಪುಡಿಯಾಯಿತು.

ಉಪ್ಪಿನ ಗಾಳಿ ಅಂದರೆ ಏನು ಅಂತ ಆ ಮನೆಯ ಗಾಜಿನ ಮೇಲೆ ನೋಡಬೇಕು. ಬೆಳಿಗ್ಗೆ ಒರೆಸಿದರೆ ಸಂಜೆ ಹೊತ್ತಿಗೆ ಜಿಡ್ಡು ಜಿಡ್ಡು ಪದರ. ನಾಲಿಗೆ ತಾಗಿಸಿದರೆ ಉಪ್ಪು. ಅದೇ ಪದರ ಬಾಗಿಲಿನ ತಿರುಗಣೆಯ ಮೇಲೂ, ಗೇಟಿನ ಮೇಲೂ, ಸ್ವಿಚ್ ಬೋರ್ಡಿನ ಒಳಗೂ, ಫ್ರಿಜ್ಜಿನ ಬೆನ್ನಿಗೂ ಕೂರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಅಂತ ನೀವು ಅಂದುಕೊಂಡಿರಬಹುದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 304 ನಂಬರಿನದ್ದಕ್ಕೆ ಕಡಲ ಬದಿಯಲ್ಲಿ ಟೀ ಚೆಲ್ಲಿದಂಥ ಕಂದು ಕಲೆ ಬರುತ್ತದೆ. 316 ಬೇಕು, ಅದಕ್ಕೆ ದುಡ್ಡು ಜಾಸ್ತಿ. ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿದ ಮನೆಯಾದರೆ ಇನ್ನೂ ಕಷ್ಟ. ಗಾಳಿ ಆಡದ ಕೋಣೆಯಲ್ಲಿ ಹಾಸಿಗೆ, ಕಪಾಟು, ಮದುವೆ ಆಲ್ಬಂ ಎಲ್ಲದಕ್ಕೂ ಬೂಷ್ಟು.

ಇವೆಲ್ಲ ಬದಲಾಯಿಸಬಹುದಾದ ವಸ್ತುಗಳು. ನನಗೆ ನಿಜವಾಗಿ ಚಿಂತೆ ಆಗುವುದು ಕಾಂಕ್ರೀಟಿನ ಒಳಗಿನ ಕಬ್ಬಿಣದ್ದು.

ಕಾಂಕ್ರೀಟ್ ಕಲ್ಲಿನ ಹಾಗೆ ಕಂಡರೂ ಅದರಲ್ಲಿ ಸಣ್ಣ ಸಣ್ಣ ರಂಧ್ರ ಇವೆ. ಉಪ್ಪಿನಲ್ಲಿರುವ ಕ್ಲೋರೈಡು ವರ್ಷಗಟ್ಟಲೆ ಒಳಗೆ ಇಳಿಯುತ್ತಾ ಹೋಗಿ ರಾಡು ಮುಟ್ಟುತ್ತದೆ. ರಾಡು ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ, ಎರಡು ಪಟ್ಟಿಗಿಂತ ಜಾಸ್ತಿ ಜಾಗ ಕೇಳುತ್ತದೆ. ಆಗ ಕಾಂಕ್ರೀಟ್ ಒಳಗಿನಿಂದಲೇ ಬಿರುಕು ಬಿಡುತ್ತದೆ. ಆ ಗಾಜಿನ ಮನೆಯಲ್ಲಿ ಆದದ್ದೂ ಇದೇ. ಒಂಬತ್ತನೆಯ ವರ್ಷ ಬಾಲ್ಕನಿ ಸ್ಲ್ಯಾಬಿನ ಅಡಿಯಿಂದ ತಟ್ಟೆಯಷ್ಟು ದೊಡ್ಡ ಚಕ್ಕೆ ಉಯ್ಯಾಲೆಯ ಮೇಲೆ ಬಿತ್ತು. ಪುಣ್ಯಕ್ಕೆ ಯಾರೂ ಕೂತಿರಲಿಲ್ಲ. ಕೆಳಗೆ ನಿಂತು ನೋಡಿದರೆ ರಾಡನ್ನು ಮುಚ್ಚಿದ್ದು ಬರೀ 15 ಮಿಲಿಮೀಟರ್ ಕಾಂಕ್ರೀಟ್.

ಎಷ್ಟಿರಬೇಕಿತ್ತು? ನಮ್ಮ ದೇಶದ ಕಾಂಕ್ರೀಟ್ ನಿಯಮ ಪುಸ್ತಕ ಐಎಸ್ 456, 2000ದ ಆವೃತ್ತಿ, ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಸಾಧಾರಣ ಒಣ ಜಾಗದಲ್ಲಿ 20 ಮಿಲಿಮೀಟರ್ ಸಾಕು. ಕರಾವಳಿಯ ಗಾಳಿಗೆ ತೆರೆದುಕೊಂಡಿದ್ದರೆ 45. ಕಡಲ ನೀರಿನ ಹನಿ ಸಿಡಿಯುವ ಜಾಗವಾದರೆ 50. ಕಾಂಕ್ರೀಟಿನ ಬಲದ ದರ್ಜೆಯೂ ಎಂ20 ಅಲ್ಲ, ಎಂ30, ಎಂ35 ಆಗಬೇಕು. ಇನ್ನೊಂದು ಗುಟ್ಟು ಹೇಳುತ್ತೇನೆ. ಹತ್ತಿರದಲ್ಲಿ, ಅಗ್ಗಕ್ಕೆ ಸಿಗುತ್ತದೆ ಅಂತ, ನದಿ ಕಡಲು ಸೇರುವ ಅಳಿವೆ ಬಾಗಿಲಿನ ಮರಳು ತಂದು ಹಾಕುವವರಿದ್ದಾರೆ. ಅದರಲ್ಲಿ ಉಪ್ಪು ಮೊದಲೇ ಇರುತ್ತದೆ. ಮನೆಯ ಶತ್ರುವನ್ನು ನಾವೇ ಲಾರಿಯಲ್ಲಿ ತಂದು ಒಳಗೆ ಕೂರಿಸಿದ ಹಾಗೆ. ರಾಡಿನ ಅಡಿಗೆ ಇಡುವ ಕವರ್ ಬ್ಲಾಕ್ ಎಷ್ಟು ದಪ್ಪದ್ದು ಅಂತ ಮೇಸ್ತ್ರಿಗೆ ಕೇಳಿ. "ಅದೆಲ್ಲ ಇರ್ತದೆ ಸರ್" ಅಂದರೆ, ಇಲ್ಲ ಅಂತ ಅರ್ಥ.

ಅಮೆರಿಕದ ಫ್ಲಾರಿಡಾದಲ್ಲಿ ಸರ್ಫ್‌ಸೈಡ್ ಅಂತ ಒಂದು ಊರು. ಅಲ್ಲಿ ಕಡಲಿಗೆ ಎದುರಾಗಿ 1981ರಲ್ಲಿ ಕಟ್ಟಿದ ಹನ್ನೆರಡು ಮಹಡಿಯ ಕಟ್ಟಡ. 2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಅದರ ಒಂದು ಭಾಗ ಕುಸಿದು 98 ಜನ ಸತ್ತರು. ಬರೀ ಉಪ್ಪೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಈಜುಕೊಳದ ಪಕ್ಕದ ಸ್ಲ್ಯಾಬಿನಲ್ಲಿ ನೀರು ನಿಂತು ಕಾಂಕ್ರೀಟ್ ಹಾಳಾಗಿದೆ ಅಂತ 2018ರಲ್ಲೇ ಒಬ್ಬ ಇಂಜಿನಿಯರ್ ಬರೆದುಕೊಟ್ಟಿದ್ದರು. ರಿಪೇರಿ ಖರ್ಚು ಕೇಳಿ ಮುಂದೂಡುವುದು ನಮ್ಮ ಊರಿನ ರೋಗ ಮಾತ್ರ ಅಲ್ಲ.

ಇಷ್ಟು ಹೊತ್ತು ಮನೆಯ ಮಾತಾಯಿತು. ಮನೆ ನಿಂತ ನೆಲದ ಮಾತು ಬೇರೆಯೇ ಇದೆ.

ನಮ್ಮ ಕಡೆ ಕಡಲ್ಕೊರೆತ ಅನ್ನುವುದು ಪ್ರತಿ ಜೂನಿನ ಪೇಪರ್ ಸುದ್ದಿ. ಮಂಗಳೂರಿನ ಹತ್ತಿರದ ಉಳ್ಳಾಲ, ಸೋಮೇಶ್ವರದ ಕಡೆ ಹೋಗಿ ನೋಡಿ. ತೆಂಗಿನ ಮರದ ಬುಡ ಬೇರು ಸಮೇತ ಕಾಣುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತಲ್ಲ, ಅದು ನಮ್ಮ ದಡಕ್ಕೆ ನೇರವಾಗಿ ಅಪ್ಪಳಿಸಲೇ ಇಲ್ಲ, ಪಕ್ಕದಲ್ಲಿ ಹಾದು ಗುಜರಾತಿಗೆ ಹೋಯಿತು. ಆದರೂ ಆ ಎರಡು ದಿನದಲ್ಲಿ ರಸ್ತೆ, ಮನೆ, ತೆಂಗಿನ ತೋಟ ಎಲ್ಲ ಹೋದವು. ಮರಳು ಒಂದೇ ಕಡೆ ಕೂತಿರುವ ವಸ್ತು ಅಲ್ಲ. ದಡದ ಉದ್ದಕ್ಕೂ ನಡೆಯುತ್ತಾ ಇರುತ್ತದೆ. ಅಳಿವೆಯಲ್ಲಿ ದೋಣಿಗಳಿಗಾಗಿ ಕಲ್ಲಿನ ಗೋಡೆ ಕಟ್ಟಿದರೆ ಅದು ಮರಳನ್ನು ಅಲ್ಲೇ ತಡೆಯುತ್ತದೆ, ಮುಂದಿನ ದಡಕ್ಕೆ ಮರಳು ಕಮ್ಮಿಯಾಗುತ್ತದೆ. ನೀವು ಮನೆ ಮುಂದೆ ಬಂಡೆ ಹಾಕಿಸಿದರೆ ನಿಮ್ಮ ಜಾಗ ಸ್ವಲ್ಪ ದಿನ ಉಳಿಯಬಹುದು. ಆ ಬಂಡೆ ಸಾಲು ಮುಗಿದಲ್ಲಿ ಪಕ್ಕದವರ ಜಾಗ ಕೊರೆಯಲು ಶುರುವಾಗುತ್ತದೆ. ಮರುವರ್ಷ ಅವರೂ ಹಾಕಿಸುತ್ತಾರೆ. ಕೊನೆಗೆ ಎಲ್ಲರ ಮನೆ ಮುಂದೆ ಬಂಡೆ ಇರುತ್ತದೆ, ಬೀಚ್ ಇರುವುದಿಲ್ಲ.

ಅಮೆರಿಕದ ನಾರ್ತ್ ಕ್ಯಾರೊಲಿನಾದ ರೊಡಾಂತೆಯಲ್ಲಿ 2022ರ ಮೇ 10ರಂದು ಒಂದೇ ದಿನ ಎರಡು ಮನೆ ಕಡಲಿಗೆ ಬಿದ್ದ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಕಂಬದ ಮೇಲೆ ನಿಂತ ಮರದ ಮನೆ, ಅಲೆ ಕೆಳಗೆ ಬಂದು ಮೆಲ್ಲಗೆ ಕಂಬ ಅಲ್ಲಾಡಿಸಿತು, ಮನೆ ಪೆಟ್ಟಿಗೆ ಹಾಗೆ ತೇಲಿಕೊಂಡು ಹೋಯಿತು.

ನಮ್ಮಲ್ಲಿ ಇನ್ನೊಂದು ತಮಾಷೆ. ಜಾಗ ಕಡಲಿಗೆ ಹೋದರೂ ಪಹಣಿಯಲ್ಲಿ ಹಾಗೇ ಇರುತ್ತದೆ. 12 ಸೆಂಟ್ಸ್ ಅಂತ ಕಾಗದದಲ್ಲಿ, ಅದರಲ್ಲಿ ನಾಲ್ಕು ಸೆಂಟ್ಸಿನ ಮೇಲೆ ಬಂಗುಡೆ ಮೀನು ಓಡಾಡುತ್ತಾ ಇರುತ್ತವೆ. ಹಾಗಾಗಿ ಕಾಗದ ನೋಡಿ ದುಡ್ಡು ಕೊಡಬೇಡಿ, ಸರ್ವೆಯವರಿಂದ ಅಳೆಸಿ. ಅಳೆಸುವುದೂ ಮಳೆಗಾಲ ಕಳೆದ ಕೂಡಲೇ. ವಿಮೆ ಇದೆಯಲ್ಲ ಅನ್ನಬಹುದು ನೀವು. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಕೊಡುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಚಂಡಮಾರುತಕ್ಕೆ, ನೆರೆಗೆ ರಕ್ಷಣೆ ಇದೆ. ನೆಲ ಕುಸಿತದ ಅಂಶವನ್ನು ಪೂರ್ತಿ ಓದಿ. ಕಡಲ್ಕೊರೆತ ಅದಕ್ಕೆ ಬರುವುದಿಲ್ಲ ಅಂತ ಬರೆದಿರುತ್ತದೆ.

ಇನ್ನು ಸಿಆರ್‌ಝಡ್. ಕಡಲ ದಡದಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಅನ್ನುವ ಸರ್ಕಾರದ ನಿಯಮ. ಈ ಮೂರು ಅಕ್ಷರ ಹೇಳಿದ ಕೂಡಲೇ ಬ್ರೋಕರಿನ ಮುಖ ಬೇರೆ ಕಡೆ ತಿರುಗುತ್ತದೆ. ಮೊದಲ ನಿಯಮ ಬಂದದ್ದು 1991ರಲ್ಲಿ, ಆಮೇಲೆ 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ದೊಡ್ಡ ಉಬ್ಬರದಲ್ಲಿ ನೀರು ಬರುವ ಗೆರೆಯಿಂದ ಅಳತೆ. ಹಳ್ಳಿ ಕಡೆ, ಜನಸಂಖ್ಯೆ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಇದ್ದರೆ ಮೊದಲ 50 ಮೀಟರ್, ಕಮ್ಮಿ ಇದ್ದರೆ 200 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅಂದರೆ ನಿಮ್ಮ ಕನಸಿನ ಮನೆ ಇರುವ ಜಾಗವೇ ಅದು. "ಅಲ್ಲೊಂದು ಹಳೆ ಮನೆ ಇದೆ ಸರ್, ಡೋರ್ ನಂಬರ್ ಇದೆ, ಅದನ್ನೇ ರಿಪೇರಿ ಅಂತ ತೋರಿಸಿ ಬಂಗಲೆ ಮಾಡೋಣ" ಅನ್ನುತ್ತಾರೆ. ಅನುಮತಿ ಇದ್ದ ಹಳೆ ಮನೆಯನ್ನು ಪುನಃ ಕಟ್ಟಬಹುದು, ನಿಜ. ಆದರೆ ಅಡಿಪಾಯದ ಅಳತೆ ಮೊದಲಿನದ್ದೇ ಇರಬೇಕು. ಎರಡು ಕೋಣೆಯ ಹಂಚಿನ ಮನೆಯ ಅಡಿಪಾಯದಲ್ಲಿ ಎಂಥ ಬಂಗಲೆ?

ಸಿಕ್ಕಿಬೀಳುವುದಿಲ್ಲ ಅಂದುಕೊಳ್ಳುವವರು ಕೊಚ್ಚಿಯ ಮರಡು ನೆನಪಿಟ್ಟುಕೊಳ್ಳಿ. ಹಿನ್ನೀರಿನ ದಡದ ನಾಲ್ಕು ಫ್ಲ್ಯಾಟ್ ಸಮುಚ್ಚಯಗಳನ್ನು ಕೆಡವಿ ಅಂತ ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ಹೇಳಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದರು. ಒಳಗಿದ್ದವರು ಸಾಲ ಮಾಡಿ, ರಿಜಿಸ್ಟ್ರೇಷನ್ ಮಾಡಿಸಿ, ತೆರಿಗೆ ಕಟ್ಟಿದವರೇ. ನಿಯಮ ಮೀರಿ ಕಟ್ಟಿದ್ದು ಬಿಲ್ಡರ್, ಮನೆ ಹೋದದ್ದು ಇವರದ್ದು.

'ಪ್ರೈವೇಟ್ ಬೀಚ್' ಅಂತ ಬ್ರೋಷರಿನಲ್ಲಿ ಬರೆದಿದ್ದರೆ ನಂಬಬೇಡಿ. ಮರಳು ನಿಮ್ಮದಲ್ಲ. ಅಲ್ಲಿ ದೋಣಿ ಎಳೆದಿಡುತ್ತಾರೆ, ಕೈರಂಪಣಿ ಬಲೆ ಎಳೆಯುತ್ತಾರೆ, ಮೀನು ಒಣಗಿಸುತ್ತಾರೆ. ಅವರು ನಿಮಗಿಂತ ಎಷ್ಟೋ ತಲೆಮಾರು ಮೊದಲು ಬಂದವರು. ಒಣಮೀನಿನ ವಾಸನೆ ಅಂತ ಪೊಲೀಸರಿಗೆ ಫೋನ್ ಮಾಡಿದ ಒಬ್ಬ ಮಹನೀಯರು ನಮ್ಮಲ್ಲಿದ್ದರು. ಆಮೇಲೆ ಊರಲ್ಲಿ ಅವರ ಮನೆ ಕೆಲಸಕ್ಕೆ ಒಬ್ಬರೂ ಸಿಗಲಿಲ್ಲ. ಇನ್ನು ಬಾವಿ ನೀರು ಏಪ್ರಿಲ್ ಹೊತ್ತಿಗೆ ಸವಳಾಗುತ್ತದೆ. ಪಂಪ್ ಹಾಕಿ ಜಾಸ್ತಿ ಎಳೆದಷ್ಟೂ ಅಡಿಯಿಂದ ಕಡಲ ನೀರು ಮೇಲೆ ಬರುತ್ತದೆ. ಟೆರೇಸಿನ ಈಜುಕೊಳಕ್ಕೆ ನೀರು ಎಲ್ಲಿಂದ ತರುತ್ತೀರಿ ಅಂತ ಒಬ್ಬರನ್ನು ಕೇಳಿದ್ದೆ. ಟ್ಯಾಂಕರ್ ಅಂದರು. ಪಕ್ಕದಲ್ಲೇ ಅರಬ್ಬಿ ಸಮುದ್ರ.

ನಮ್ಮ ಊರಿನ ಹಳೆ ಮನೆಗಳನ್ನು ನೋಡಿ. ಕಡಲ ಕಡೆಗೆ ಬೆನ್ನು. ಆ ಬೆನ್ನಿಗೆ ಒಂದು ಸಣ್ಣ ಕಿಟಕಿ, ಅಷ್ಟೇ. ಮನೆಯ ಮಾಡು, ಅಂದರೆ ಸೂರು, ಮೊಣಕೈ ಎತ್ತರಕ್ಕೆ ಇಳಿದಿರುತ್ತದೆ. ಎದುರಿಗೆ ತೆಂಗು, ಗಾಳಿ ಮರ, ಅದರಾಚೆ ಮರಳ ದಿಬ್ಬದ ಮೇಲೆ ಅಡುಂಬು ಬಳ್ಳಿ. ಆ ಬಳ್ಳಿಯೇ ಮರಳನ್ನು ಹಿಡಿದಿಡುವುದು. ಹೊರಗಿನವರು ಮೊದಲು ಮಾಡುವ ಕೆಲಸ ಏನು? ವ್ಯೂ ಬೇಕು ಅಂತ ಜೆಸಿಬಿ ತಂದು ದಿಬ್ಬ ಸಮ ಮಾಡಿಸುವುದು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಗಾಜಿನ ಮನೆಯೊಂದರ ಪಾಯದ ಗೆರೆ ಎಳೆಸುತ್ತಿದ್ದೆ. ಬಲೆ ಸರಿಮಾಡುತ್ತಾ ಕೂತಿದ್ದ ಒಬ್ಬ ಅಜ್ಜ ಕೇಳಿದರು, "ಎಂತ ಮಾರಾಯ್ರೆ, ಕಡಲಿಗೆ ಮೋರೆ ಮಾಡಿ ಮನೆ ಕಟ್ಟುದಾ?" ನಾನು ಇಂಜಿನಿಯರಿಂಗ್ ಓದಿದವನು. ನಕ್ಕು ಸುಮ್ಮನಾದೆ.

ನನ್ನ ಆಸೆಯ ವಿಷಯ ಹೇಳುತ್ತೇನೆ ಅಂದಿದ್ದೆ. ಅಮ್ಮನ ಪಾಲಿಗೆ ಬಂದ ಹತ್ತು ಸೆಂಟ್ಸ್ ಜಾಗ ಕಡಲ ಬದಿಯಲ್ಲೇ ಇದೆ. ಅಲ್ಲಿ ಒಂದು ಬಾಗಿದ ತೆಂಗಿನ ಮರ. ಮರದಿಂದ ಮರಳಿನ ಅಂಚಿನವರೆಗೆ ಪ್ರತಿ ವರ್ಷ ದೀಪಾವಳಿ ಕಳೆದು ಹೆಜ್ಜೆ ಹಾಕಿ ಅಳೆಯುತ್ತೇನೆ. 2009ರಲ್ಲಿ 61 ಹೆಜ್ಜೆ ಇತ್ತು. ಹೋದ ವರ್ಷ 43. ನನ್ನ ಹೆಜ್ಜೆ ವಯಸ್ಸಾಗಿ ಉದ್ದ ಏನೂ ಆಗಿಲ್ಲ. ನಮ್ಮ ಮನೆಯವರು ಕೊಲ್ಲೂರು ರಸ್ತೆ ಕಡೆ, ಕಡಲಿನಿಂದ ಆರು ಕಿಲೋಮೀಟರ್ ಒಳಗೆ, ಮುರಕಲ್ಲಿನ ಗುಡ್ಡದ ಮೇಲೆ ಒಂದು ಜಾಗ ನೋಡಿಟ್ಟಿದ್ದಾರೆ. ಮೇಲೆ ಹತ್ತಿದರೆ ಕಡಲು ನೀಲಿ ಗೆರೆಯ ಹಾಗೆ ಕಾಣುತ್ತದೆ, ಬಾವಿ ನೀರು ಸಿಹಿ. ನಾನೂ ಹೂಂ ಅಂದಿದ್ದೇನೆ.

ಕಡಲಮನೆಯ ಪ್ಲಾನ್ ಮಾತ್ರ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹೋದ ತಿಂಗಳು ಹೊರಗೆ ತೆಗೆದು ಅಡುಗೆಮನೆ ಕಿಟಕಿಯನ್ನು ಎರಡು ಅಡಿ ಬಲಕ್ಕೆ ಸರಿಸಿದೆ.

ಪ್ರಶ್ನೆ ಇದ್ದರೆ ಕೇಳಿ. ಜಾಗದ ಫೋಟೋ ತಂದವರು ಅದನ್ನು ಯಾವ ತಿಂಗಳಲ್ಲಿ ತೆಗೆದದ್ದು ಅಂತ ಮೊದಲು ಹೇಳಿ.