ಅಂಚು ಮುಗಿಸಿ ಕೊಡಿ

ಎಲ್ಲರಿಗೂ ನಮಸ್ಕಾರ. ಹಳೆಯ ಬಟ್ಟೆಯ ತೇಪೆ ಕೂಡಿಸಿ ಕೌದಿ ಹೊಲಿಯೋದು ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಈ ಸಭೆಯಲ್ಲಿ ನನಗಿಂತ ಚೆನ್ನಾಗಿ ಹೊಲಿಯುವವರು ಬಹಳ ಜನ ಇದ್ದೀರಿ. ನಾನು ಮಾತಾಡೋದು ಟ್ರಂಕಿನಲ್ಲಿ, ಅಟ್ಟದ ಮೇಲೆ ಅರ್ಧಕ್ಕೇ ಉಳಿದ ಕೌದಿಗಳ ಬಗ್ಗೆ. ದಾನ ಕೊಡೋಣ ಅಂತ ಆಸೆಯಿಂದ ಶುರು ಮಾಡಿರುತ್ತೇವೆ. ನಡುವಿನ ತೇಪೆಗಳಿಗೆ ತಿಂಗಳುಗಟ್ಟಲೆ ಕೂರುತ್ತೇವೆ. ಅಂಚಿಗೆ ಬಂದಾಗ ಬೇಸರ ಬರುತ್ತದೆ, ಅಲ್ವಾ? ಆದರೆ ಚಳಿಗೆ ಒದಗೋದು ಮುಗಿದ ಕೌದಿ ಮಾತ್ರ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿ ನೋಡಿದ್ದೀರಾ? ಅವರು ಮೂಲೆಯಿಂದ ಶುರು ಮಾಡುತ್ತಾರೆ. ಅಂಚಿನಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಅಂದರೆ ನಾವು ಕಡೆಗೆ ಅಂತ ಇಟ್ಟು ಬೇಸರ ಪಡೋ ಕೆಲಸ ಅವರಲ್ಲಿ ಮೊದಲೇ ಆಗಿಹೋಗಿರುತ್ತದೆ! ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ‘ಫೂಲ’ ಇಡುತ್ತಾರೆ. ಅದಿಲ್ಲದೆ ಕೌದಿ ಮುಗಿಯಿತು ಅನ್ನೋದಿಲ್ಲ. ಹೆನ್ರಿ ಡ್ರೂಯಲ್ ಅನ್ನುವ ಅಮೆರಿಕದ ಕಲಾ ಇತಿಹಾಸಕಾರರು ಈ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿ, ಅವರ ಕೌದಿಗಳನ್ನು ಹೊರದೇಶದವರಿಗೂ ತೋರಿಸಿದರು. ತೋರಿಸಿದ್ದು ಒಳ್ಳೆಯದೇ. ನನಗೆ ಮಾತ್ರ ಆ ನಾಲ್ಕು ಮೂಲೆಗಳ ಮೇಲಿನ ಹಟ ಬಹಳ ದೊಡ್ಡದು ಅನಿಸುತ್ತದೆ.

ನಮ್ಮ ಅತ್ತೆಯ ಕಥೆ ಹೇಳಿಬಿಡುತ್ತೇನೆ. ತಂಗಿಯ ಮಗಳು ಬಸುರಿ ಅಂತ ಗೊತ್ತಾದ ದಿನವೇ ತೊಟ್ಟಿಲ ಕೌದಿ ಹಾಕಿದರು. ಮೆತ್ತಗಿರಲಿ ಅಂತ ಮಾವನ ಹಳೆಯ ಧೋತರ ಒಳಗೆ, ಮೇಲೆ ಖಣದ ತೇಪೆ. ಹೊಲಿಗೆ ಎಷ್ಟು ಸಣ್ಣದು ಅಂದರೆ ಅಕ್ಕಿ ಕಾಳು ಸಾಲಾಗಿ ಇಟ್ಟ ಹಾಗೆ. ಒಂದು ತೇಪೆ ಸೊಟ್ಟ ಕಂಡರೂ ಬಿಚ್ಚೋರು. ಕೂಸು ಹುಟ್ಟಿತು, ತೊಟ್ಟಿಲಿಗೆ ಹಾಕಿದರು, ಹೆಸರಿಟ್ಟರು. ಕೌದಿ ಇನ್ನೂ ಅತ್ತೆಯ ತೊಡೆ ಮೇಲೇ! ಹುಡುಗಿ ಶಾಲೆಗೆ ಹೋದಳು. ಕೌದಿ ಟ್ರಂಕಿಗೆ ಹೋಯಿತು. ಅವಳು ಹಾಸ್ಟೆಲ್‌ಗೆ ಹೊರಟ ವರ್ಷ ಅತ್ತೆಯ ಸೊಸೆ ಅದನ್ನು ಹೊರಗೆ ತೆಗೆದಳು. ಪಕ್ಕದ ಮನೆಯ ಇಬ್ಬರನ್ನು ಕರೆದಳು. ಅಂಚು ಮುಚ್ಚಿರಲಿಲ್ಲವಲ್ಲ, ಹಾಗಾಗಿ ಸುತ್ತಲೂ ಹಳೆಯ ಇಳಕಲ್ ಸೀರೆಯ ಪಟ್ಟಿ ಕೂಡಿಸುತ್ತಾ ದೊಡ್ಡದು ಮಾಡಿದರು. ಪಡಸಾಲೆಯಲ್ಲಿ ಕೂತು, ಚಹಾ ಮೇಲೆ ಚಹಾ ಕುಡಿದು, ಊರಿನ ಸುದ್ದಿಯನ್ನೆಲ್ಲಾ ಮಾತಾಡಿ ಮುಗಿಸಿದರು. ತೊಟ್ಟಿಲಿಗೆ ಅಂತ ಹಾಕಿದ ಕೌದಿ ಕಾಲೇಜು ಸೇರಿತು! ಅತ್ತೆ ಅದರ ಮೇಲೆ ಕೈಯಾಡಿಸಿ, “ಪಟ್ಟಿ ಸ್ವಲ್ಪ ಸೊಟ್ಟಗದ, ಇರಲಿ ಬಿಡು,” ಅಂದರು. ಅವರ ಬಾಯಲ್ಲಿ ‘ಇರಲಿ ಬಿಡು’ ಕೇಳಿದ್ದು ಅದೇ ಮೊದಲು.

ಸೊಟ್ಟ ಇದ್ದರೆ ಇರಲಿ, ಮುಗಿಸಿ ಕೊಡಿ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಆದರೆ ಸಡಿಲ ಇರಬಾರದು. ನಾವು ಕೊಡೋ ಕೌದಿಯನ್ನು ಆಸ್ಪತ್ರೆಯಲ್ಲಿ, ವೃದ್ಧಾಶ್ರಮದಲ್ಲಿ ಯಾರೂ ಹುಷಾರಾಗಿ ಕೈಯಿಂದ ಒಗೆಯೋದಿಲ್ಲ. ಮೊದಲು ಸವೆಯೋದೇ ಅಂಚು. ಅದಕ್ಕೇ ಅಂಚಿನ ಪಟ್ಟಿಯನ್ನು ಎರಡು ಪದರ ಮಡಚಿ ಹಾಕಿ. ದಾರವನ್ನು ಗಂಟಿನ ಹತ್ತಿರವೇ ಕತ್ತರಿಸಬೇಡಿ. ತುದಿಯನ್ನು ಪದರದ ಒಳಗೆ ಒಂದು ಇಂಚು ಓಡಿಸಿ, ಆಮೇಲೆ ಕತ್ತರಿಸಿ. ಹೊಸ ಹತ್ತಿ ಬಟ್ಟೆಯನ್ನು ಹಳೆಯ ಸೀರೆಗೆ ಕೂಡಿಸುವ ಮೊದಲು ನೆನೆಸಿ ಒಣಗಿಸಿ. ಹಳೆಯದು ಆಗಲೇ ಕುಗ್ಗಿರುತ್ತದೆ. ಹೊಸದು ಮೊದಲ ಒಗೆತಕ್ಕೆ ಕುಗ್ಗಿ ಸುಕ್ಕು ಬೀಳುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಆ ತೇಪೆ ಬೇಡ. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಪ್ರಾಜೆಕ್ಟ್ ಲೈನಸ್ ಕಾಯಿಲೆಯ, ಕಷ್ಟದಲ್ಲಿರೋ ಮಕ್ಕಳಿಗೆ ಕೈಯಲ್ಲಿ ಮಾಡಿದ ಹೊದಿಕೆ ಕೊಡುತ್ತದೆ. ಅವರೂ ಒಗೆಯಲು ಬರುವಂಥದ್ದೇ ಬೇಕು ಅಂತಾರೆ.

ಸಮಯ ಆಯ್ತು ಅಂತ ಚೀಟಿ ಬಂತು. ಬಣ್ಣ ಹೊಂದಿಸೋದು, ಅಳತೆ, ಎಲ್ಲಾ ಬಿಟ್ಟುಬಿಡುತ್ತೇನೆ. ಎರಡು ಮಾತು ಮಾತ್ರ ಬಿಡೋ ಹಾಗಿಲ್ಲ. ಕೂಸಿನ ಕೌದಿಗೆ ಗುಂಡಿ, ಕನ್ನಡಿ ಚೂರು, ಮಣಿ ಹಾಕಲೇಬೇಡಿ. ವರ್ಷ ತುಂಬದ ಮಗು ಮಲಗಿದಾಗ ಸಡಿಲವಾದ ಕೌದಿ ಹೊದಿಸಬಾರದು, ಮೂಗಿನ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ತೊಡೆ ಮೇಲೆ ಹಾಸಲು, ಎಚ್ಚರ ಇದ್ದಾಗ ನೆಲದ ಮೇಲೆ ಆಡಿಸಲು ಅಂತ ಹೇಳಿಯೇ ಕೊಡಿ. ಎರಡನೆಯದು, ಗುಂಡುಸೂಜಿ ಎಣಿಸಿ. ಹಾಕಿದಷ್ಟೂ ಡಬ್ಬಿಗೆ ವಾಪಸ್ ಬಂದಿರಬೇಕು.

ಹಿಂದಿನ ಟೇಬಲ್ ಮೇಲೆ ನೀವೆಲ್ಲಾ ತಂದ ಅರ್ಧ ಕೌದಿಗಳಿವೆ. ನಿಮ್ಮದೇ ಆಗಬೇಕು ಅಂತೇನಿಲ್ಲ, ಯಾರದಾದರೂ ಒಂದನ್ನು ಎತ್ತಿಕೊಳ್ಳಿ. ಒಂದು ಕೌದಿಗೆ ನಾಲ್ಕು ಜನ, ಒಬ್ಬೊಬ್ಬರಿಗೆ ಒಂದು ಕಡೆಯ ಅಂಚು. ದಾರ, ಸೂಜಿ ಅಲ್ಲೇ ಇವೆ. ಕನ್ನಡಕ ಮರೆತವರಿಗೆ ನಮ್ಮ ಹುಡುಗಿಯರು ದಾರ ಪೋಣಿಸಿ ಕೊಡುತ್ತಾರೆ. ಊಟ ಮುಗಿಸಿ ಬನ್ನಿ, ಶುರು ಮಾಡೋಣ.