ಅಟ್ಟ ಹತ್ತಿಸಿ ಏಣಿ ಎಳೆದರು: ಶೂಗೇಜ್ ಬ್ಯಾಂಡುಗಳ ಕಥೆ

[ಪರದೆ ಕತ್ತಲು. ಗಿಟಾರಿನ ಒಂದೇ ಸ್ವರ ನಿಧಾನಕ್ಕೆ ಹರಡಿಕೊಳ್ಳುತ್ತದೆ.]

1990-91ರ ಮಾತು. ಬ್ರಿಟನ್ನಿನಲ್ಲಿ ಮೂಸ್ ಅನ್ನೋ ಹೊಸ ಬ್ಯಾಂಡ್ ವೇದಿಕೆ ಮೇಲಿದೆ. ಹಾಡುಗಾರ ರಸೆಲ್ ಯೇಟ್ಸ್ ತಲೆ ಎತ್ತುತ್ತಲೇ ಇಲ್ಲ. ಹಾಡಿನ ಸಾಲು ಬರೆದ ಹಾಳೆಗಳನ್ನ ನೆಲಕ್ಕೆ ಟೇಪ್ ಹಾಕಿ ಅಂಟಿಸಿದ್ದಾರೆ. ಅದನ್ನ ನೋಡಿಕೊಂಡೇ ಹಾಡುತ್ತಿದ್ದಾರೆ.

ಅವತ್ತು ಅಲ್ಲಿ ಸೌಂಡ್ಸ್ ಅನ್ನೋ ವಾರಪತ್ರಿಕೆಯ ವಿಮರ್ಶಕರಿದ್ದರು. ಆ ವಿಮರ್ಶೆಯಲ್ಲಿ ಒಂದು ಹೊಸ ಪದ ಬಂತು. ಶೂಗೇಜಿಂಗ್. ಅಂದರೆ ಬೂಟು ನೋಡುತ್ತಾ ನಿಲ್ಲೋದು. ಹೊಗಳಿಕೆ ಅಲ್ಲ, ಚುಚ್ಚು ಮಾತು.

ಇವತ್ತು ಅದೇ ಪದವನ್ನ ಯಾವುದೇ ಮ್ಯೂಸಿಕ್ ಆ್ಯಪ್‌ನಲ್ಲಿ ಹುಡುಕಿ. ಪ್ಲೇಲಿಸ್ಟ್‌ಗಳ ರಾಶಿಯೇ ಬರುತ್ತದೆ. ಬೈಗುಳವಾಗಿದ್ದ ಮಾತು ಒಂದು ಸಂಗೀತದ ಹೆಸರೇ ಆಗಿಹೋಗಿದೆ. ನಡುವೆ ಏನಾಯ್ತು ಅನ್ನೋದೇ ಈ ವಿಡಿಯೋ.

[ಚಾನೆಲ್ ಲೋಗೋ]

ನಮಸ್ಕಾರ. ನಾನು ಈ ಸಂಗೀತಕ್ಕೆ ಬಿದ್ದದ್ದು ಕಾಲೇಜು ಹಾಸ್ಟೆಲ್‌ನಲ್ಲಿ. ರೂಮ್‌ಮೇಟ್ ಒಂದು ರಾತ್ರಿ ಹೆಡ್‌ಫೋನ್ ಕೊಟ್ಟು "ಮಾತಾಡಬೇಡ, ಸುಮ್ನೆ ಕೇಳು" ಅಂದ. ಹಾಡಿನ ಒಂದು ಪದವೂ ಅರ್ಥ ಆಗಲಿಲ್ಲ. ಆದರೂ ಮುಗಿದ ಮೇಲೆ ಬಹಳ ಹೊತ್ತು ಹೆಡ್‌ಫೋನ್ ತೆಗೆಯೋಕೆ ಮನಸ್ಸೇ ಬರಲಿಲ್ಲ. ಈ ಹಾಡುಗಳನ್ನ ಅವರದೇ ದೇಶದ ಪತ್ರಿಕೆಗಳು ಒಂದು ಕಾಲಕ್ಕೆ ಕಸದ ಬುಟ್ಟಿಗೆ ಹಾಕಿದ್ದವು ಅಂತ ಆಮೇಲೆ ಗೊತ್ತಾಯ್ತು. ಅದು ನನಗೆ ಇವತ್ತಿಗೂ ಬೇಜಾರಿನ ವಿಷಯ.

[ಹಳೇ ವಾರಪತ್ರಿಕೆಗಳ ಕಟ್ಟು. ಪುಟ ತಿರುವಿದ ಬೆರಳಿಗೆ ಕಪ್ಪು ಮಸಿ.]

ಮೊದಲು ಈ ಪತ್ರಿಕೆಗಳ ಬಗ್ಗೆ ಹೇಳಬೇಕು. ಆಗ ಇಂಟರ್ನೆಟ್ ಇರಲಿಲ್ಲ. ಹೊಸ ಬ್ಯಾಂಡ್ ಯಾವುದು, ಯಾರ ಹಾಡು ಚೆನ್ನಾಗಿದೆ ಅಂತ ತಿಳಿಯೋಕೆ ಬ್ರಿಟನ್ನಿನ ಹುಡುಗ ಹುಡುಗಿಯರಿಗೆ ಎರಡೇ ದಾರಿ. ಒಂದು, ಬಿಬಿಸಿ ರೇಡಿಯೋದಲ್ಲಿ ರಾತ್ರಿ ಬರುತ್ತಿದ್ದ ಜಾನ್ ಪೀಲ್ ಅವರ ಕಾರ್ಯಕ್ರಮ. ಇನ್ನೊಂದು, ವಾರಪತ್ರಿಕೆಗಳು. 1926ರಿಂದ ಬರುತ್ತಿದ್ದ ಮೆಲಡಿ ಮೇಕರ್, 1952ರಲ್ಲಿ ಶುರುವಾದ ಎನ್‌ಎಂಇ, 1970ರ ಸೌಂಡ್ಸ್. ಓದಿ ಮುಗಿಸುವಷ್ಟರಲ್ಲಿ ಕೈಯೆಲ್ಲ ಮಸಿ. ಅದಕ್ಕೇ ಇವಕ್ಕೆ 'ಇಂಕೀಸ್' ಅನ್ನೋ ಅಡ್ಡಹೆಸರಿತ್ತು.

ವಾರಪತ್ರಿಕೆಗೆ ವಾರವಾರವೂ ಹಸಿವು. ಪ್ರತಿ ವಾರ ಒಂದು ಮುಖಪುಟ ಬೇಕು. ಒಂದೊಂದೇ ಬ್ಯಾಂಡಿನ ಬಗ್ಗೆ ಬರೆದರೆ ಎಷ್ಟು ದಿನ ನಡೆದೀತು? ಐದಾರು ಬ್ಯಾಂಡುಗಳನ್ನ ಕಟ್ಟು ಕಟ್ಟಿ, ಮೇಲೊಂದು ಹೆಸರು ಅಂಟಿಸಿ, "ಇದೇ ಹೊಸ ಅಲೆ" ಅಂದರೆ ಆರು ತಿಂಗಳಿಗೆ ಸಾಕಾಗುವಷ್ಟು ಸರಕು. ಮೆಲಡಿ ಮೇಕರ್ ಮತ್ತು ಎನ್‌ಎಂಇ ಎರಡಕ್ಕೂ ಮಾಲೀಕರು ಒಬ್ಬರೇ. ಆದರೂ ಹೊಸ ಅಲೆಯನ್ನ ಮೊದಲು ಕಂಡವರು ನಾವು ಅಂತ ಹೇಳಿಕೊಳ್ಳೋಕೆ ಅವೆರಡರ ನಡುವೆಯೇ ಜಿದ್ದು.

1989-90ರಲ್ಲಿ ಆ ಅಲೆ ಮ್ಯಾಂಚೆಸ್ಟರ್‌ನದಾಗಿತ್ತು. ಸ್ಟೋನ್ ರೋಸಸ್, ಹ್ಯಾಪಿ ಮಂಡೇಸ್ ಅನ್ನೋ ಬ್ಯಾಂಡುಗಳು. 1990ರ ಮೇ ತಿಂಗಳಲ್ಲಿ ಸ್ಪೈಕ್ ಐಲ್ಯಾಂಡ್‌ನಲ್ಲಿ ಸ್ಟೋನ್ ರೋಸಸ್‌ನ ದೊಡ್ಡ ಶೋ ನಡೆಯಿತು. ಆಮೇಲೆ ಅವರು ತಮ್ಮ ಲೇಬಲ್, ಅಂದರೆ ಹಾಡು ಹೊರತರೋ ಕಂಪನಿ ಜೊತೆ ಕೋರ್ಟು ಕಚೇರಿ ಅಂತ ಸಿಕ್ಕಿಹಾಕಿಕೊಂಡರು. ಪತ್ರಿಕೆಗಳ ಕಣ್ಣು ಮುಂದಿನದರ ಮೇಲೆ ಹೋಯ್ತು.

[ನಕ್ಷೆ: ಲಂಡನ್, ಪಶ್ಚಿಮಕ್ಕೆ ರೆಡಿಂಗ್, ಆಕ್ಸ್‌ಫರ್ಡ್.]

ಆಗ ಕಣ್ಣಿಗೆ ಬಿದ್ದವರು ಇವರು. ಆಕ್ಸ್‌ಫರ್ಡ್‌ನ ರೈಡ್. ರೆಡಿಂಗ್‌ನ ಸ್ಲೋಡೈವ್ ಮತ್ತು ಚಾಪ್ಟರ್‌ಹೌಸ್. ಲಂಡನ್ನಿನ ಲಶ್, ಮೂಸ್. ಇವರೆಲ್ಲ ತಲೆ ಎತ್ತಿ ನೋಡುತ್ತಿದ್ದ ಹಿರಿಯಣ್ಣನಂಥ ಬ್ಯಾಂಡ್, ಡಬ್ಲಿನ್‌ನಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಮೈ ಬ್ಲಡಿ ವ್ಯಾಲಂಟೈನ್.

ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಒಬ್ಬರ ಗಿಗ್‌ಗೆ ಇನ್ನೊಬ್ಬರು ಹೋಗೋರು, ಒಟ್ಟಿಗೆ ಕುಡಿಯೋರು, ಒಬ್ಬರನ್ನೊಬ್ಬರು ಮನಸಾರೆ ಮೆಚ್ಚಿಕೊಳ್ಳೋರು. ಜಗಳ ಇಲ್ಲ, ಪೈಪೋಟಿ ಇಲ್ಲ. 1990ರಲ್ಲಿ ಮೆಲಡಿ ಮೇಕರ್‌ನ ಸ್ಟೀವ್ ಸದರ್ಲೆಂಡ್ ಇದನ್ನ ನೋಡಿ ಇವರಿಗೆ ಒಂದು ಹೆಸರು ಕೊಟ್ಟರು: 'ತನ್ನನ್ನ ತಾನೇ ಸಂಭ್ರಮಿಸಿಕೊಳ್ಳೋ ಗುಂಪು'. ಆ ಗುಂಪಿಗೆ ಆಗಿನ್ನೂ ಹೊಸಬರಾಗಿದ್ದ ಬ್ಲರ್ ಬ್ಯಾಂಡನ್ನೂ ಸೇರಿಸಿದ್ದರು. ಬ್ಲರ್‌ಗೂ ಸ್ಲೋಡೈವ್‌ಗೂ ಸಂಗೀತದಲ್ಲಿ ಅಜಗಜಾಂತರ. ಒಟ್ಟಿಗೆ ಕೂತು ಕುಡಿದರೆ ಒಂದೇ ಸಂಗೀತ ಆಗೋದಿಲ್ಲ, ಅಲ್ವಾ?

ಗೆಳೆತನ ನಿಜವಾಗಿತ್ತು. ಅದನ್ನ ಚಳವಳಿ ಮಾಡಿದ್ದು ಪತ್ರಿಕೆ.

[ಕ್ಲೋಸಪ್: ವೇದಿಕೆಯ ನೆಲ. ಸಾಲಾಗಿ ಜೋಡಿಸಿದ ಪೆಡಲ್‌ಗಳು. ಒಂದು ಕಾಲು ಒತ್ತುತ್ತದೆ. ಕೆಂಪು ದೀಪ ಹತ್ತುತ್ತದೆ.]

ಈಗ ಸಂಗೀತಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಪತ್ರಿಕೆಗಳು ಗಲಾಟೆ ಮಾಡುವಾಗ ಬಿಟ್ಟುಹೋದದ್ದು ಇದೇ ಭಾಗ.

ತಲೆ ತಗ್ಗಿಸಿ ನಿಲ್ಲೋದಕ್ಕೆ ನಾಚಿಕೆ ಒಂದೇ ಕಾರಣ ಅಲ್ಲ. ಕಾಲ ಬಳಿ ನೋಡಿ. ಗಿಟಾರಿನಿಂದ ಹೊರಟ ಸದ್ದು ನೇರವಾಗಿ ಸ್ಪೀಕರ್‌ಗೆ ಹೋಗೋದಿಲ್ಲ. ಒಂದೊಂದೇ ಪೆಡಲ್ ದಾಟಿಕೊಂಡು ಹೋಗುತ್ತದೆ. ಡಿಸ್ಟಾರ್ಶನ್ ಪೆಡಲ್ ಸ್ವರವನ್ನ ಒರಟು ಮಾಡುತ್ತದೆ. ಡಿಲೇ ಅದೇ ಸ್ವರವನ್ನ ತಡವಾಗಿ ಮತ್ತೆ ಮತ್ತೆ ಹೇಳುತ್ತದೆ. ರಿವರ್ಬ್ ಅದನ್ನ ದೊಡ್ಡ ಖಾಲಿ ಗುಹೆಯೊಳಗೆ ನುಡಿಸಿದ ಹಾಗೆ ಹರಡುತ್ತದೆ. ಹಾಡಿನ ನಡುವೆ ಯಾವುದನ್ನ ಯಾವಾಗ ಒತ್ತಬೇಕು ಅಂತ ಕಾಲ ಕೆಳಗೆ ನೋಡಲೇಬೇಕು. ಅಡುಗೆ ಮಾಡೋರು ಒಲೆ ನೋಡಿದ ಹಾಗೆ.

ಮೈ ಬ್ಲಡಿ ವ್ಯಾಲಂಟೈನ್‌ನ ಕೆವಿನ್ ಶೀಲ್ಡ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಫೆಂಡರ್ ಜಾಝ್‌ಮಾಸ್ಟರ್ ಗಿಟಾರಿನಲ್ಲಿ ಒಂದು ಉದ್ದನೆಯ ಲೋಹದ ಕಡ್ಡಿ ಇರುತ್ತದೆ. ಅದನ್ನ ಒತ್ತಿದರೆ ಎಲ್ಲ ತಂತಿಗಳೂ ಒಟ್ಟಿಗೆ ಸಡಿಲವಾಗಿ ಸ್ವರ ಕೆಳಗಿಳಿಯುತ್ತದೆ. ಬಿಟ್ಟರೆ ಮೇಲೇರುತ್ತದೆ. ಬೇರೆಯವರು ಅದನ್ನ ಅಪರೂಪಕ್ಕೆ ಮುಟ್ಟೋರು. ಶೀಲ್ಡ್ಸ್ ಅದನ್ನ ಅಂಗೈಯಲ್ಲಿ ಹಿಡಿದುಕೊಂಡೇ ತಂತಿ ಮೀಟಿದರು. ಹಾಗಾಗಿ ಪ್ರತಿ ಮೀಟಿಗೂ ಇಡೀ ಸ್ವರಮೇಳವೇ ತೂಗುತ್ತದೆ. ವೀಣೆಯಲ್ಲಿ ಒಂದು ತಂತಿ ಪಕ್ಕಕ್ಕೆಳೆದು ಸ್ವರವನ್ನ ಜಾರಿಸುತ್ತಾರಲ್ಲ, ಇಲ್ಲಿ ಆರು ತಂತಿಯೂ ಒಟ್ಟಿಗೆ ಜಾರುತ್ತವೆ. ಜೊತೆಗೆ ರಿವರ್ಬ್ ಅನ್ನ ತಿರುಗುಮುರುಗು ಮಾಡಿದರು. ಮಾಮೂಲಿಯಾಗಿ ಸದ್ದು ಮೊದಲು ಬಂದು ಆಮೇಲೆ ಕರಗುತ್ತದೆ. ಇಲ್ಲಿ ತೆಳುವಾಗಿ ಶುರುವಾಗಿ ಉಬ್ಬುತ್ತಾ ಬರುತ್ತದೆ. ಮೊದಲ ಸಲ ಕೇಳಿದಾಗ ಕ್ಯಾಸೆಟ್ ಹಾಳಾಗಿದೆಯೇನೋ ಅನಿಸುತ್ತದೆ.

ಇದು ಸೈಕೆಡೆಲಿಕ್, ಅಂದರೆ ಅಮಲೇರಿದ ಕನಸಿನಂಥ ಸಂಗೀತ ಅನ್ನಿಸಿಕೊಂಡಿದ್ದು ಸುಮ್ನೆ ಅಲ್ಲ. 60ರ ದಶಕದ ಬ್ರಿಟಿಷ್ ಸೈಕೆಡೆಲಿಯಾದ ಬೇರು ಇದರಲ್ಲಿದೆ. ಸ್ಲೋಡೈವ್ 1991ರಲ್ಲಿ ಪಿಂಕ್ ಫ್ಲಾಯ್ಡ್‌ನ ಸಿಡ್ ಬ್ಯಾರೆಟ್ ಅವರ ಹಾಡೊಂದನ್ನ ಮತ್ತೆ ಹಾಡಿದರು. ಅದರ ಸಾಹಿತ್ಯ ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ಬರೆದ ಕವಿತೆ. ಇವರಿಗೆ ಹಿಂದಿನದು ಚೆನ್ನಾಗಿ ಗೊತ್ತಿತ್ತು. ದನಿಯನ್ನ ಮುಂದೆ ನಿಲ್ಲಿಸದೆ, ಗಿಟಾರಿನ ಮಂಜಿನೊಳಗೆ ಇನ್ನೊಂದು ವಾದ್ಯದ ಹಾಗೆ ಬೆರೆಸಿದರು. ಹಾಡಿನ ಪದ ಕೇಳಿಸೋದಿಲ್ಲ ಅಂತ ದೂರಿದವರು ಬಹಳ. ಆದರೆ ಅದು ಬೇಕಂತಲೇ ಮಾಡಿದ್ದು.

[ಸ್ಲೋಡೈವ್‌ನ ಹಳೇ ಫೋಟೋ]

ಈಗ ಏಣಿಯ ಕಥೆ. ಅದಕ್ಕೆ ಸ್ಲೋಡೈವ್ ಅನ್ನೇ ಆರಿಸಿಕೊಂಡಿದ್ದೇನೆ. ಅವರಷ್ಟು ಜೋರಾಗಿ ಬಿದ್ದವರು ಬೇರೆ ಯಾರೂ ಇಲ್ಲ.

ನೀಲ್ ಹಾಲ್‌ಸ್ಟೆಡ್ ಮತ್ತು ರೇಚಲ್ ಗಾಸ್‌ವೆಲ್ ಚಿಕ್ಕಂದಿನಿಂದ ಗೆಳೆಯರು. 1989ರಲ್ಲಿ ರೆಡಿಂಗ್‌ನಲ್ಲಿ ಬ್ಯಾಂಡ್ ಕಟ್ಟಿದರು. ಅಲನ್ ಮಗೀ ಅವರ ಕ್ರಿಯೇಶನ್ ಲೇಬಲ್ ಕೈಹಿಡಿಯಿತು. 1990ರ ಕೊನೆಯಿಂದ 1991ರ ಮಧ್ಯದೊಳಗೆ ಮೂರು ಇಪಿ, ಅಂದರೆ ಕೆಲವೇ ಹಾಡುಗಳ ಪುಟ್ಟ ರೆಕಾರ್ಡುಗಳು ಬಂದವು. ಪತ್ರಿಕೆಗಳು ಇವರನ್ನ ಅಟ್ಟಕ್ಕೇರಿಸಿದವು. ಇನ್ನೂ ಪೂರ್ತಿ ಆಲ್ಬಮ್ಮೇ ಬಂದಿಲ್ಲ, ಆಗಲೇ ಮುಂದಿನ ದೊಡ್ಡ ಬ್ಯಾಂಡ್ ಅನ್ನೋ ಮಾತು.

1991ರ ಸೆಪ್ಟೆಂಬರ್‌ನಲ್ಲಿ ಮೊದಲ ಆಲ್ಬಮ್ ಬಂತು. ಬ್ರಿಟಿಷ್ ಚಾರ್ಟ್, ಅಂದರೆ ಮಾರಾಟದ ಪಟ್ಟಿಯಲ್ಲಿ 32ನೇ ಸ್ಥಾನ. ಹೊಸ ಬ್ಯಾಂಡಿಗೆ ಕಳಪೆ ಏನಲ್ಲ. ಆದರೆ ಅಷ್ಟರಲ್ಲಿ ಪತ್ರಿಕೆಗಳ ಮೂಡ್ ಬದಲಾಗಿತ್ತು. ಅದೇ ತಿಂಗಳು ಅಮೆರಿಕದಿಂದ ನಿರ್ವಾಣ ಅನ್ನೋ ಬ್ಯಾಂಡಿನ ಎರಡನೇ ಆಲ್ಬಮ್ ಬಂದು ಎಲ್ಲರ ಕಿವಿ ತನ್ನ ಕಡೆ ಎಳೆದುಕೊಂಡಿತು. ಗ್ರಂಜ್ ಅನ್ನೋ ಆ ಒರಟು ರಾಕ್ ಸಂಗೀತದ ಕಿರುಚಾಟ ನಿಜವಾದ ಸಿಟ್ಟು, ಇವರದು ಅನುಕೂಲಸ್ಥರ ಮಕ್ಕಳ ಹಗಲುಗನಸು ಅಂತ ಬರೆಯತೊಡಗಿದರು. ರೆಡಿಂಗ್, ಆಕ್ಸ್‌ಫರ್ಡ್ ಇರೋ ಥೇಮ್ಸ್ ಕಣಿವೆಯ ಮಧ್ಯಮವರ್ಗದ ಮಕ್ಕಳು ಅನ್ನೋದೇ ಅಪರಾಧ ಆಯ್ತು. ಗೆಳೆತನ ಅಂತ ಹೊಗಳಿದ್ದನ್ನೇ ಈಗ ಅಹಂಕಾರ ಅಂದರು. 1992ರ ಏಪ್ರಿಲ್‌ನಲ್ಲಿ ಮೆಲಡಿ ಮೇಕರ್ ಸ್ವೇಡ್ ಬ್ಯಾಂಡನ್ನ ಮುಖಪುಟಕ್ಕೆ ಹಾಕಿ, ಬ್ರಿಟನ್ನಿನ ಅತ್ಯುತ್ತಮ ಹೊಸ ಬ್ಯಾಂಡ್ ಅಂತ ಘೋಷಿಸಿತು. ಆಗಿನ್ನೂ ಸ್ವೇಡ್‌ನ ಒಂದೂ ಸಿಂಗಲ್, ಅಂದರೆ ಬಿಡಿಹಾಡು ಬಂದಿರಲಿಲ್ಲ. ಹಳೇ ಅಟ್ಟದ ಏಣಿ ಈಗ ಹೊಸ ಅಟ್ಟಕ್ಕೆ ಬೇಕಾಗಿತ್ತು.

ಈ ನಡುವೆ ನೀಲ್ ಮತ್ತು ರೇಚಲ್ ಅವರ ಪ್ರೀತಿ ಮುರಿದುಬಿತ್ತು. ಆ ನೋವಿನಲ್ಲೇ ನೀಲ್ ವೇಲ್ಸ್‌ನ ಒಂದು ಒಂಟಿ ಮನೆಗೆ ಹೋಗಿ ಕೂತು ಹಾಡು ಬರೆದರು. ಹೆಸರಾಂತ ಸಂಗೀತಗಾರ ಬ್ರಯನ್ ಈನೋ ಎರಡು ಹಾಡುಗಳಲ್ಲಿ ಕೈಜೋಡಿಸಿದರು. 1993ರಲ್ಲಿ ಬಂದ ಆ ಆಲ್ಬಮ್‌ನ ಹೆಸರು ಸುವ್ಲಾಕಿ. ನನ್ನ ಲೆಕ್ಕದಲ್ಲಿ ಆ ದಶಕದ ಅತಿ ಚೆಂದದ ಆಲ್ಬಮ್‌ಗಳಲ್ಲಿ ಅದೂ ಒಂದು.

ಮೆಲಡಿ ಮೇಕರ್ ಏನು ಬರೆಯಿತು ಗೊತ್ತಾ? ಇದನ್ನ ಇನ್ನೊಂದು ಸಲ ಕೇಳೋದಕ್ಕಿಂತ ಗಂಜಿ ತುಂಬಿದ ಬಾತ್‌ಟಬ್‌ನಲ್ಲಿ ಮುಳುಗಿ ಸಾಯೋದೇ ಮೇಲು ಅಂತ. ಇವರ ಮೊದಲ ಇಪಿಗಳನ್ನ ತಲೆ ಮೇಲೆ ಹೊತ್ತು ತಿರುಗಿದ್ದ ಪತ್ರಿಕೆಗಳಲ್ಲಿ ಇದೂ ಒಂದು. ಮಧ್ಯೆ ಮೂರು ವರ್ಷವೂ ಆಗಿರಲಿಲ್ಲ.

ಸುವ್ಲಾಕಿಗೆ ಚಾರ್ಟ್‌ನಲ್ಲಿ 51ನೇ ಸ್ಥಾನ. 1995ರ ಫೆಬ್ರುವರಿಯಲ್ಲಿ ಮೂರನೇ ಆಲ್ಬಮ್. ಅದು ಬಂದ ಒಂದೇ ವಾರಕ್ಕೆ ಕ್ರಿಯೇಶನ್ ಇವರನ್ನ ಕೈಬಿಟ್ಟಿತು. ಆ ಹೊತ್ತಿಗೆ ಅಲನ್ ಮಗೀ ಅವರ ಬಳಿ ಬ್ರಿಟನ್ನಿನಲ್ಲಿ ಭಾರೀ ಹೆಸರು ಮಾಡುತ್ತಿದ್ದ ಓಯೆಸಿಸ್ ಬ್ಯಾಂಡ್ ಇತ್ತು.

ಪತ್ರಿಕೆಗಳನ್ನಷ್ಟೇ ದೂರಿದರೆ ತಪ್ಪಾಗುತ್ತದೆ. ಇದೇ ಪತ್ರಿಕೆಗಳು ಬರೆಯದಿದ್ದರೆ ರೆಡಿಂಗ್‌ನ ಈ ಹುಡುಗರು ಯಾರ ಕಿವಿಗೂ ಬೀಳುತ್ತಿರಲಿಲ್ಲ. ವಿಮರ್ಶಕರಿಗೆ ಒಂದು ಆಲ್ಬಮ್ ಇಷ್ಟ ಆಗದೇ ಇರಬಹುದು, ಹಾಗಂತ ಬರೆಯೋ ಹಕ್ಕೂ ಇದೆ. ನನ್ನ ತಕರಾರು ಬೇರೆ. ಐದಾರು ಬ್ಯಾಂಡುಗಳನ್ನ ಒಂದೇ ಹಗ್ಗಕ್ಕೆ ಕಟ್ಟಿದರು. ಆ ಹೆಸರು ಹಳೇದಾದ ಕೂಡಲೇ ಎಲ್ಲರನ್ನೂ ಒಟ್ಟಿಗೆ ಬಾವಿಗೆ ತಳ್ಳಿದರು. ಸುವ್ಲಾಕಿಯನ್ನ ಅದರ ಪಾಡಿಗೆ ಕೇಳೋ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಅದು ಮುಗಿದುಹೋದ ಅಲೆಯ ಕಸ ಅಂತ ಕೇಳೋ ಮೊದಲೇ ತೀರ್ಮಾನ ಆಗಿತ್ತು.

ಮೂಸ್ ಅನ್ನೇ ನೋಡಿ. ಯಾರನ್ನ ನೋಡಿ ಶೂಗೇಜ್ ಅನ್ನೋ ಪದ ಹುಟ್ಟಿತೋ, ಆ ಬ್ಯಾಂಡ್ 1992ರ ಮೊದಲ ಆಲ್ಬಮ್‌ನಲ್ಲೇ ಆ ಸದ್ದು ಬಿಟ್ಟು ಕಂಟ್ರಿ ಸಂಗೀತದ ಕಡೆ ವಾಲಿತ್ತು. ಹಣೆಪಟ್ಟಿ ಮಾತ್ರ ಹಾಗೇ ಉಳಿಯಿತು.

[ವೇಗವಾಗಿ ಬದಲಾಗುವ ಆಲ್ಬಮ್ ಕವರ್‌ಗಳು]

ಉಳಿದವರ ಕಥೆ ಚುಟುಕಾಗಿ. ರೈಡ್‌ಗೆ ಚಾರ್ಟ್ ಚೆನ್ನಾಗಿಯೇ ಒಲಿದಿತ್ತು. ಎಂಟು ನಿಮಿಷ ದಾಟಿದ ಅವರ ಸಿಂಗಲ್ ಒಂದು 1992ರಲ್ಲಿ 9ನೇ ಸ್ಥಾನಕ್ಕೆ ಹೋಯ್ತು. ಆಮೇಲೆ ಬ್ಯಾಂಡ್ ಒಡೆಯಿತು, ಅದರ ಗಿಟಾರ್ ವಾದಕ ಆ್ಯಂಡಿ ಬೆಲ್ 1999ರಲ್ಲಿ ಓಯೆಸಿಸ್ ಸೇರಿದರು. ಲಶ್‌ನ ಮಿಕಿ ಬೆರೆನ್ಯಿ 2022ರಲ್ಲಿ ಆತ್ಮಕಥೆ ಬರೆದು, ಆ ಕಾಲದ ಸಂಗೀತ ಲೋಕದಲ್ಲಿ ಹೆಣ್ಣುಮಕ್ಕಳು ಏನೇನು ಸಹಿಸಬೇಕಿತ್ತು ಅಂತ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಮೈ ಬ್ಲಡಿ ವ್ಯಾಲಂಟೈನ್ 1991ರ ನವೆಂಬರ್‌ನಲ್ಲಿ ಲವ್‌ಲೆಸ್ ಆಲ್ಬಮ್ ತಂದರು. ಎರಡು ವರ್ಷದ ಕೆಲಸ. ಎರಡೂವರೆ ಲಕ್ಷ ಪೌಂಡ್ ಖರ್ಚಾಯ್ತು ಅನ್ನೋ ಮಾತು ಇವತ್ತಿಗೂ ಓಡಾಡುತ್ತದೆ, ಶೀಲ್ಡ್ಸ್ ಅದನ್ನ ಒಪ್ಪೋದಿಲ್ಲ. ಮುಂದಿನ ಆಲ್ಬಮ್ ಬಂದದ್ದು 2013ರಲ್ಲಿ.

ಪತ್ರಿಕೆಗಳದ್ದೂ ಕೇಳಿ. ಶೂಗೇಜ್ ಅನ್ನೋ ಪದ ಹುಟ್ಟಿಸಿದ ಸೌಂಡ್ಸ್ 1991ರ ಏಪ್ರಿಲ್‌ನಲ್ಲೇ ನಿಂತಿತು. ಮೆಲಡಿ ಮೇಕರ್ 2000ದ ಕೊನೆಗೆ ಎನ್‌ಎಂಇ ಜೊತೆ ಸೇರಿಹೋಯ್ತು. ಎನ್‌ಎಂಇ 2015ರಿಂದ ಪುಕ್ಕಟೆ ಹಂಚಿ, 2018ರ ಮಾರ್ಚ್‌ನಲ್ಲಿ ವಾರದ ಮುದ್ರಣ ನಿಲ್ಲಿಸಿತು.

[ಬಾರ್ಸಿಲೋನಾ. ರಾತ್ರಿ. ದೊಡ್ಡ ವೇದಿಕೆ.]

2014ರಲ್ಲಿ ಸ್ಲೋಡೈವ್ ಮತ್ತೆ ಒಂದಾಗಿ ಪ್ರಿಮವೆರಾ ಅನ್ನೋ ಸಂಗೀತ ಹಬ್ಬದಲ್ಲಿ ನುಡಿಸಿದರು. 2017ರ ಆಲ್ಬಮ್ 16ನೇ ಸ್ಥಾನ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಆಲ್ಬಮ್ 6ನೇ ಸ್ಥಾನ. ಅಟ್ಟಕ್ಕೇರಿಸಿದ ಕಾಲದಲ್ಲೂ ಅವರು ಅಷ್ಟು ಎತ್ತರ ಮುಟ್ಟಿರಲಿಲ್ಲ. ಈಗ ಅವರ ಶೋಗಳಲ್ಲಿ ಮುಂದೆ ನಿಲ್ಲೋರು ಸುವ್ಲಾಕಿ ಬಂದಾಗ ಹುಟ್ಟೇ ಇರದಿದ್ದ ಮಕ್ಕಳು. ಬಹಳ ಜನಕ್ಕೆ ಈ ಹಾಡು ಸಿಕ್ಕಿದ್ದು ಟಿಕ್‌ಟಾಕ್‌ನಲ್ಲಿ. ಗಂಜಿಯ ವಿಮರ್ಶೆ ಅವರು ಓದಿಲ್ಲ.

ನೀವು ಕೇಳೋದಾದರೆ ಸುವ್ಲಾಕಿಯಿಂದಲೇ ಶುರು ಮಾಡಿ, ಲವ್‌ಲೆಸ್ ಆಮೇಲೆ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಪದ ಹಿಡಿಯೋಕೆ ಹೋಗಬೇಡಿ. ಎರಡು ದನಿ ಕೇಳುತ್ತವೆ, ಒಂದು ನೀಲ್ ಅವರದು, ಒಂದು ರೇಚಲ್ ಅವರದು. ಅಷ್ಟೆಲ್ಲ ಆದ ಮೇಲೂ ಪಕ್ಕಪಕ್ಕದಲ್ಲೇ ನಿಂತು ಹಾಡಿದ್ದಾರೆ. ಅದನ್ನ ಕೇಳಿ.

[ಎರಡು ದನಿಗಳು. ಗಿಟಾರ್ ಹರಡಿಕೊಂಡು ಪರದೆ ಕತ್ತಲಾಗುತ್ತದೆ.]