ಬೀಳೋ ಹಲ್ಲಿಗೆ ಯಾಕ್ರೀ ರೊಕ್ಕ?

ಕೇಳುಗರಿಗೆ ನಮಸ್ಕಾರ.

ಕೊಪ್ಪಳದ ನನ್ನ ಕ್ಲಿನಿಕ್ಕಿಗೆ ಮೊನ್ನೆ ಕುಕನೂರು ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗನನ್ನು ಕರಕೊಂಡು ಬಂದಿದ್ದರು. ಹುಡುಗನಿಗೆ 5 ವರ್ಷ. ಒಂದು ಕೈ ಕೆನ್ನೆ ಮೇಲೆ, ಇನ್ನೊಂದು ಕೈಯಲ್ಲಿ ಅರ್ಧ ತಿಂದ ಬಿಸ್ಕೀಟು. ಬಾಯಿ ತೆರೆಸಿ ನೋಡಿದೆ. ಕೆಳಗಡೆ ಕೊನೆಯ ದವಡೆ ಹಲ್ಲಿನಲ್ಲಿ ಜೋಳದ ಕಾಳು ಕೂರುವಷ್ಟು ತೂತು. ನಾನು ಬಾಯಿ ಬಿಡುವ ಮೊದಲೇ ಅಜ್ಜಿ ಹೇಳಿದರು: "ಬೀಳೋ ಹಲ್ಲಿಗೆ ಯಾಕ್ರೀ ಯವ್ವಾ ರೊಕ್ಕ? ಕಿತ್ತು ಕೊಡ್ರಿ. ಹೆಂಡ್ಯಾಗ ಇಟ್ಟು ಮಾಳಿಗಿ ಮ್ಯಾಲೆ ಒಗೀತೀನಿ, ಹೊಸಾದು ಬರ್ತದ."

ಹೊಸದು ಬರುವುದು ನಿಜ. ಯಾವಾಗ ಅನ್ನುವುದೇ ಪ್ರಶ್ನೆ. ಮುಂದಿನ ಹಾಲುಹಲ್ಲು 6-7 ವರ್ಷಕ್ಕೆ ಬೀಳುತ್ತವೆ. ಆದರೆ ಆ ಕೊನೆಯ ದವಡೆ ಹಲ್ಲು 10ರಿಂದ 12 ವರ್ಷದವರೆಗೂ ಇರಬೇಕಾದದ್ದು. ಅಷ್ಟರೊಳಗೆ, ಸುಮಾರು 6 ವರ್ಷಕ್ಕೆ, ಅದರ ಹಿಂದೆಯೇ ಒಂದು ದೊಡ್ಡ ಹಲ್ಲು ಬರುತ್ತದೆ. ಅದು ಶಾಶ್ವತ ಹಲ್ಲು, ಎಷ್ಟೋ ತಾಯಂದಿರು ಅದನ್ನೂ ಹಾಲುಹಲ್ಲೇ ಅಂದುಕೊಂಡಿರುತ್ತಾರೆ. ಮುಂದೆ ಜಾಗ ಖಾಲಿ ಇದ್ದರೆ ಅದು ಸುಮ್ನೆ ಇರುತ್ತದಾ? ಗವಿಮಠದ ಜಾತ್ರೆ ಬಸ್ಸಿನಲ್ಲಿ ಸೀಟು ಬಿಟ್ಟು ಎದ್ದರೆ ಏನಾಗುತ್ತದೋ ಅದೇ ಆಗುತ್ತದೆ. ಮುಂದಕ್ಕೆ ಸರಿದು ಕೂರುತ್ತದೆ. ಕೆಳಗಿನಿಂದ ಬರಬೇಕಾದ ಹಲ್ಲು ಜಾಗವಿಲ್ಲದೆ ಸೊಟ್ಟ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಕೀಳಲೇಬೇಕಾದ ಹಲ್ಲೂ ಇರುತ್ತವೆ. ಆಗ ಒಂದು ತಂತಿ ಕೂರಿಸುತ್ತೇವೆ. ಅದು ಸೀಟಿನ ಮೇಲೆ ಹಾಕಿಟ್ಟ ಟವೆಲ್ ಇದ್ದಂತೆ. ಆದರೂ ಹಲ್ಲಿನಷ್ಟು ಚೆನ್ನಾಗಿ ಜಾಗ ಕಾಯುವುದು ಬೇರೆ ಯಾವುದೂ ಇಲ್ಲ.

ಹುಳುಕು ಅನ್ನುತ್ತೇವೆ, ಅದಕ್ಕೇ ಒಳಗೆ ಹುಳ ಇದೆ ಅಂತ ಹೊಗೆ ಹಾಕಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ಹುಳ ಗಿಳ ಏನೂ ಇಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹಾಲುಹಲ್ಲಿನ ಎನಾಮೆಲ್ ದೊಡ್ಡವರ ಹಲ್ಲಿನ ಅರ್ಧದಷ್ಟೇ ದಪ್ಪ. ಒಳಗಿನ ನರದ ಕೋಣೆ ಮಾತ್ರ ದೊಡ್ಡದು. ಹಾಗಾಗಿ ಹುಳುಕು ನರ ಮುಟ್ಟಲು ಜಾಸ್ತಿ ದಿನ ಬೇಕಿಲ್ಲ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲಿನ ಮೇಲೆ ಕಂದು ಗೆರೆ ಬರುತ್ತದೆ. ಆ ಗೆರೆ ಹುಳುಕಲ್ಲ. ಹಾಗಂತ ಗೆರೆ ಇರುವ ಹಲ್ಲು ಹುಳುಕುವುದಿಲ್ಲ ಅಂತಲೂ ಅಲ್ಲ.

ಅಜ್ಜಿಯನ್ನು ನಾನು ಕೇಳಿದ್ದು ಎರಡೇ ಮಾತು. ತಣ್ಣೀರು ಕುಡಿದಾಗ ಬರುವ ನೋವು ತಕ್ಷಣ ಹೋಗುತ್ತದಾ, ಹಾಗೇ ಉಳಿಯುತ್ತದಾ? ರಾತ್ರಿ ನಿದ್ದೆಯಿಂದ ಎದ್ದು ಅಳುತ್ತಾನಾ? ಮಂಡಾಳು ಸಿಕ್ಕಿಕೊಂಡರೆ ಅಳುತ್ತಾನೆ, ಬಾಯಿ ಮುಕ್ಕಳಿಸಿದರೆ ಸುಮ್ಮನಾಗುತ್ತಾನೆ, ರಾತ್ರಿ ಚೆನ್ನಾಗಿ ಮಲಗುತ್ತಾನೆ ಅಂದರು. ಒಸಡಿನ ಮೇಲೆ ಕೀವಿನ ಗುಳ್ಳೆ ಇರಲಿಲ್ಲ. ಎಕ್ಸ್‌ರೇಯಲ್ಲಿ ಬೇರು ಚೆನ್ನಾಗಿತ್ತು. ಅಂದರೆ ನರ ಮೇಲ್ಗಡೆ ಕೆಟ್ಟಿದ್ದರೂ ಬೇರಿನಲ್ಲಿ ಇನ್ನೂ ಜೀವ ಇರಬಹುದು.

ಇಂಥ ಹಲ್ಲಿಗೆ ಮಾಡುವುದು ಪಲ್ಪಾಟಮಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹುಳುಕು ತೆಗೆದು, ಹಲ್ಲಿನ ತಲೆಯ ಭಾಗದಲ್ಲಿರುವ ನರವನ್ನು ಮಾತ್ರ ಕತ್ತರಿಸುತ್ತೇವೆ. ಬೇರಿನದ್ದನ್ನು ಮುಟ್ಟುವುದಿಲ್ಲ. ಆಮೇಲೆ ಒದ್ದೆ ಹತ್ತಿಯ ಉಂಡೆ ಇಟ್ಟು ಕೆಲವು ನಿಮಿಷ ಒತ್ತಿ ಹಿಡಿಯುತ್ತೇವೆ. ಆ ಕೆಲವು ನಿಮಿಷ ನನಗೆ ಇವತ್ತಿಗೂ ಎದೆ ಡವಡವ. ಹತ್ತಿ ಎತ್ತಿದಾಗ ರಕ್ತ ನಿಂತಿದ್ದರೆ ಬೇರಿನ ನರ ಗಟ್ಟಿ ಇದೆ ಅಂತ. ನಿಲ್ಲದೆ ಜಿನುಗುತ್ತಿದ್ದರೆ ಬೇರಿನ ನರವನ್ನೂ ತೆಗೆದು ಪೇಸ್ಟ್ ತುಂಬಬೇಕು. ಅದೂ ಬೇರಿನ ಜೊತೆ ತಾನೂ ಕರಗುವ ಪೇಸ್ಟೇ ಆಗಬೇಕು, ಯಾಕೆಂದರೆ ಹೊಸ ಹಲ್ಲು ಬರುವುದು ಅದೇ ದಾರಿಯಲ್ಲಿ.

ಹುಡುಗನ ಹಲ್ಲಿನಲ್ಲಿ ರಕ್ತ ನಿಂತಿತು. ಎಂಟಿಎ ಅನ್ನುವ ಪುಡಿಯನ್ನು ನೀರಲ್ಲಿ ಕಲಸಿ ಮೇಲೆ ಇಟ್ಟೆ. ಅದು ನಾವು ಮನೆ ಕಟ್ಟುವ ಸಿಮೆಂಟಿನ ನೆಂಟನೇ, ಶುದ್ಧ ಮಾಡಿದ್ದು ಅಷ್ಟೆ. ಅದರ ಮೇಲೆ ಸ್ಟೀಲ್ ಟೋಪಿ.

ಎಲ್ಲ ಮಕ್ಕಳಿಗೂ ಇಷ್ಟೆಲ್ಲ ಬೇಕಿಲ್ಲ. ಹುಳುಕು ನರ ಮುಟ್ಟಿರದಿದ್ದರೆ, ನೋವಿಲ್ಲದಿದ್ದರೆ, ಕೊರೆಯದೆಯೇ ಹುಳುಕಿನ ಮೇಲೆ ಟೋಪಿ ಕೂರಿಸಿ ಮುಚ್ಚಿಬಿಡುವ ವಿಧಾನವಿದೆ. ತಿನ್ನಲು ಏನೂ ಸಿಗದೆ ಒಳಗಿನ ಹುಳುಕು ಅಲ್ಲೇ ನಿಲ್ಲುತ್ತದೆ. ಹಚ್ಚಿದರೆ ಹುಳುಕು ಕಪ್ಪಾಗಿ ನಿಲ್ಲುವ ಔಷಧಿಯೂ ಇದೆ, ನೋವಿಲ್ಲ, ಬಣ್ಣವೇ ಬೇಸರ.

ಮನೆಯಲ್ಲಿ ಮಾಡಬಾರದ್ದು ಎರಡಿವೆ. ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಿ ಇಡಬೇಡಿ, ಒಸಡು ಸುಡುತ್ತದೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ಕೊಟ್ಟರೆ ನಾಲ್ಕು ದಿನ ತಣ್ಣಗಿರುತ್ತದೆ, ಕೆಟ್ಟ ನರ ಮಾತ್ರ ಅಲ್ಲೇ ಇರುತ್ತದೆ. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆಗೆಯಲು, ನುಂಗಲು ಆಗದಿದ್ದರೆ, ನಾಳೆ ಸಂತೆ ಮುಗಿಸಿ ಹೋಗೋಣ ಅನ್ನಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಹುಡುಗ ಕನ್ನಡಿಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಹಲ್ಲು ನೋಡಿ ಬಾಯಿ ಮುಚ್ಚಲೇ ಇಲ್ಲ. ಹಲ್ಲು ಬೀಳುವಾಗ ಟೋಪಿಯೂ ಅದರ ಜೊತೆಗೇ ಬೀಳುತ್ತದೆ ಅಂತ ಅಜ್ಜಿಗೆ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, "ಹಂಗಾರ ಟೋಪಿ ಸಮೇತ ಮಾಳಿಗಿ ಮ್ಯಾಲೆ ಒಗೀಬೇಕೇನ್ರೀ, ಬಿಡಿಸಿ ಇಟ್ಕೋಬೇಕೇನ್ರೀ?" ಅಂದರು.